ಬಿದ್ದರೂ ನಿಲ್ಲದ ಎಂಜಿನ್

ಸ್ಪೀಡೋಮೀಟರ್ ಮುಳ್ಳು ಅರವತ್ತು ದಾಟಿತು... ಎಂಜಿನ್ ಸತ್ತಿತು!

ಹಿಂದೆ ಬಿಳಿ ಜೀಪು. ಅದರೊಳಗೆ ನಾಲ್ಕು ಜನ. ಕಿಟಕಿಯಿಂದ ಹೊರಚಾಚಿದ ಒಂದು ಕೈಯಲ್ಲಿ ಕಬ್ಬಿಣದ ರಾಡು. ಅದನ್ನು ಅವನು ನನ್ನ ಗಾಡಿಗೆ ಫಿಟ್ ಮಾಡಲು ತಂದಿರಲಿಲ್ಲ, ಅಷ್ಟು ಗ್ಯಾರಂಟಿ.

ವೆಳ್ಳಕೋಯಿಲ್‌ನಿಂದ ಕಾಂಗೇಯಂ ಕಡೆಗೆ ಹೋಗುವ ಹೈವೇ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಎಡಕ್ಕೂ ಬಲಕ್ಕೂ ಮುಳ್ಳುಬೇಲಿ ಹಾಕಿದ ದನದ ಹುಲ್ಲುಗಾವಲು. ಕೂಗಿದರೆ ಓಗೊಡಲು ಒಂದು ನರಪಿಳ್ಳೆಯೂ ಇಲ್ಲ.

ಥ್ರಾಟಲ್ ಬಿಟ್ಟೆ. ಎಂಜಿನ್ ಮತ್ತೆ ಜೀವ ಹಿಡಿಯಿತು. ನಲವತ್ತು... ಐವತ್ತು... ಪರವಾಗಿಲ್ಲ. ಅರವತ್ತು...

ಮತ್ತೆ ಸತ್ತಿತು!

ಹೆಲ್ಮೆಟ್ ಒಳಗೆ ಇಯರ್‌ಫೋನ್. ಅದರಲ್ಲಿ ಸೆಲ್ವಿ. ಅವಳು ಮಾತಾಡುವುದು ತಮಿಳು, ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

"ಅಣ್ಣಾ, ಎಷ್ಟರಲ್ಲಿ ಕಟ್ ಆಗ್ತಿದೆ?"

"ಅರವತ್ತು!"

"ಮೀಟರಲ್ಲಿ ಎಫ್.ಐ. ಲೈಟ್ ಹತ್ತಿದೆಯಾ?"

"ಇಲ್ಲ!"

"ಕೀ ಹಾಕ್ದಾಗ ಪಂಪ್ ಸೌಂಡ್ ಬಂತಾ?"

"ಬಂತು ತಾಯಿ, ಬಂತು! ಜೀಪೂ ಬಂತು!"

"ಹಾಗಾದ್ರೆ ಸೆನ್ಸರ್ ಅಲ್ಲ, ಕಂಪ್ಯೂಟರ್ ಅಲ್ಲ. ಫಿಲ್ಟರ್ ಕಟ್ಟಿಕೊಂಡಿದೆ. ಬರೋ ಪೆಟ್ರೋಲ್ ನಲವತ್ತಕ್ಕೆ ಸಾಕು, ಅರವತ್ತಕ್ಕೆ ಸಾಲಲ್ಲ. ನಲವತ್ತರಲ್ಲೇ ಹೋಗಿ."

"ಹಿಂದಿರೋರು ನೂರರಲ್ಲಿ ಬರ್ತಿದ್ದಾರಮ್ಮಾ!"

"ಹಾಗಾದ್ರೆ ನೂರರಲ್ಲಿ ಬರೋಕಾಗದ ಕಡೆ ಹೋಗಿ ಅಣ್ಣಾ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ಅವಳ ಮೇಲಲ್ಲ. ಆ ಫಿಲ್ಟರನ್ನು ಅವತ್ತು ಬೆಳಿಗ್ಗೆಯಷ್ಟೇ ಹೊಸದಾಗಿ ಹಾಕಿಸಿಕೊಂಡು ಹೊರಟಿದ್ದೆ.

ಇರಿ. ಸೆಲ್ವಿ ಯಾರು, ನಾನ್ಯಾರು, ಹೇಳುತ್ತೇನೆ. ಜೀಪು ಇನ್ನೂ ಇನ್ನೂರು ಮೀಟರ್ ದೂರದಲ್ಲಿದೆ.

ನಾನು ವಾದೀಶ. ಊರು ಕೊಯಮತ್ತೂರು. ಆಕ್ಸಿಡೆಂಟ್ ಕೇಸುಗಳ ಖಾಸಗಿ ತನಿಖೆ ನನ್ನ ಕೆಲಸ. ವಕೀಲರು ಕರೆಯುತ್ತಾರೆ, ಇನ್ಶೂರೆನ್ಸ್‌ನವರು ಕರೆಯುತ್ತಾರೆ. ಕೆಲವೊಮ್ಮೆ ಪೊಲೀಸರೂ ಕರೆದು ಟೀ ಕೊಡುತ್ತಾರೆ. ಅದಕ್ಕೂ ಮೊದಲು ಮೆಕ್ಯಾನಿಕ್ ಆಗಿದ್ದೆ. ಕಲಿಸಿದ್ದು ಚಿಕ್ಕಪ್ಪ ಪುರಂದರ. ಅಪ್ಪ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಅನ್ನ ಹಾಕಿದವರು, ಸ್ಪ್ಯಾನರ್ ಹಿಡಿಸಿದವರು, ಮೊದಲ ಗಾಡಿ ಕೊಡಿಸಿದವರು ಎಲ್ಲ ಅವರೇ.

ನಮ್ಮದು ನಾಲ್ಕು ತಲೆಮಾರಿನಿಂದ ಅಲ್ಲೇ ನೆಲೆಸಿದ ಮನೆತನ. ಗೇಟಿನೊಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಕನ್ನಡ ಅಕ್ಷರ ಅಜ್ಜನ ಕಾಲಕ್ಕೇ ಮನೆಬಿಟ್ಟು ಹೋಯಿತು. ದಿನಸಿ ಚೀಟಿ ಬರೆದರೂ ಭಾಷೆ ಕನ್ನಡ, ಲಿಪಿ ತಮಿಳು. ಅಂಗಡಿಯವನು ಓದಲು ಹೋಗಿ ತಲೆ ಕೆರೆದುಕೊಳ್ಳುತ್ತಾನೆ.

ಸೆಲ್ವಿಗೆ ಅವಿನಾಶಿಯಲ್ಲಿ ವರ್ಕ್‌ಶಾಪ್ ಇದೆ. ಹಳೆಯ ಫ್ಯುಯೆಲ್ ಇಂಜೆಕ್ಷನ್ (ಎಫ್.ಐ.) ಬೈಕುಗಳನ್ನು ಮಾತ್ರ ಮುಟ್ಟುತ್ತಾಳೆ. ಕಾರ್ಬುರೇಟರ್ ಜಾಗದಲ್ಲಿ ಒಂದು ಪಂಪು, ಒಂದು ಪುಟ್ಟ ಕಂಪ್ಯೂಟರು, ನಾಲ್ಕಾರು ಸೆನ್ಸರು... ಅಷ್ಟೇ ವಿಷಯ. ಉಳಿದ ಮೆಕ್ಯಾನಿಕ್‌ಗಳು ಆ ಗಾಡಿ ಕಂಡರೆ ದೂರ ಓಡುತ್ತಾರೆ. "ಹಳೇ ಎಫ್.ಐ. ಯಾವಾಗ ಕೈಕೊಡುತ್ತೋ ಹೇಳಕ್ಕಾಗಲ್ಲ" ಎಂದು ಕೈತೊಳೆದುಕೊಳ್ಳುತ್ತಾರೆ.

ಒಂದು ತಿಂಗಳ ಹಿಂದೆ ಅಂಥ ಒಂದು ಗಾಡಿ ಒಬ್ಬನ ಜೀವ ತೆಗೆಯಿತು. ಲೋಗನಾಥನ್, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಅವಿನಾಶಿ ಹತ್ತಿರದ ತಿರುವಿನಲ್ಲಿ ಮರಳಿಗೆ ಚಕ್ರ ಜಾರಿತು. ಬಿದ್ದ. ಕಾಲು ಗಾಡಿಯ ಕೆಳಗೆ ಸಿಕ್ಕಿಕೊಂಡಿತು. ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಎಂಜಿನ್ ನಿಲ್ಲಲಿಲ್ಲ! ಪೆಟ್ರೋಲ್ ಪೈಪು ಹರಿದಿತ್ತು. ಪಂಪು ಒತ್ತಿ ಒತ್ತಿ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚಿಮ್ಮಿಸುತ್ತಲೇ ಇತ್ತು. ಭಗ್ಗೆಂದು ಬೆಂಕಿ ಹತ್ತಿತು. ಮೂರನೇ ದಿನ ಆಸ್ಪತ್ರೆಯಲ್ಲಿ ಅವನ ಕತೆ ಮುಗಿಯಿತು.

ಅದಕ್ಕೆ ಹತ್ತು ದಿನ ಮೊದಲು ಆ ಗಾಡಿಯ ಟ್ಯಾಂಕ್ ಬಿಚ್ಚಿ ಫಿಲ್ಟರ್ ಬದಲಾಯಿಸಿದವಳು ಸೆಲ್ವಿ. ಕೇಸು ಅವಳ ಮೇಲೆ ಬಿತ್ತು. ಎಫ್.ಐ. ತಿಳಿದ ಅನುಭವಸ್ಥರ ಅಭಿಪ್ರಾಯ ಬೇಕು ಎಂದು ಇನ್ಸ್‌ಪೆಕ್ಟರ್ ಬಾಲಸುಬ್ರಮಣಿಯನ್ ನನ್ನನ್ನು ಕೇಳಿದರು. ನಾನು ಚಿಕ್ಕಪ್ಪನ ಹೆಸರು ಕೊಟ್ಟೆ. ಹೌದು, ನಾನೇ ಕೊಟ್ಟೆ!

ಚಿಕ್ಕಪ್ಪ ನೋಡಿದರು. "ಆ ಹೆಣ್ಣುಮಗಳು ಪೈಪನ್ನು ಸರಿಯಾಗಿ ಕೂರಿಸಿಲ್ಲ" ಎಂದು ಹೇಳಿಕೆ ಕೊಟ್ಟರು. ಸೋಮವಾರ ಅವರು ಸಹಿ ಹಾಕಿದರೆ ಚಾರ್ಜ್‌ಶೀಟ್ ಕೋರ್ಟಿಗೆ. ಸೆಲ್ವಿ ಜೈಲಿಗೆ.

ಶುಕ್ರವಾರ ಬೆಳಿಗ್ಗೆ ಅವಳು ನನ್ನ ಬಾಗಿಲಿಗೆ ಬಂದಳು. ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ನನ್ನ ಪೈಪ್ ಬಿಟ್ಟುಕೊಂಡಿತು ಅಂತಾನೇ ಇಟ್ಕೊಳ್ಳಿ ಅಣ್ಣಾ. ಗಾಡಿ ಬಿದ್ದ ಮೇಲೂ ಪಂಪ್ ಯಾಕೆ ಓಡ್ತಿತ್ತು?"

"ಅಂದ್ರೆ?"

"ಗಾಡಿ ಬಿದ್ದರೆ ಟಿಲ್ಟ್ ಸೆನ್ಸರ್ ಹೇಳುತ್ತೆ. ಕಂಪ್ಯೂಟರ್ ಪಂಪ್ ನಿಲ್ಲಿಸುತ್ತೆ, ಎಂಜಿನ್ ನಿಲ್ಲಿಸುತ್ತೆ. ಹದಿನಾಲ್ಕು ವರ್ಷದ ಗಾಡಿ ಆದ್ರೂ ಅಷ್ಟೇ. ಎಫ್.ಐ. ತಾನಾಗಿ ಸುಳ್ಳು ಹೇಳಲ್ಲ ಅಣ್ಣಾ. ಯಾರೋ ಹೇಳಿಸಿರಬೇಕು."

ಚಿಕ್ಕಪ್ಪನಿಗೆ ಹೊಳೆಯದೇ ಹೋದದ್ದು ಇವಳಿಗೆ ಹೊಳೆದಿದೆ ಎಂದುಕೊಂಡೆ. ನನ್ನ ದಡ್ಡತನ ನೋಡಿ!

ಸ್ಟೇಷನ್ ಹಿಂದಿನ ಬೇವಿನ ಮರದಡಿ ಸುಟ್ಟ ಗಾಡಿ ಬಿದ್ದಿತ್ತು. ನಡುಭಾಗ ಬರೀ ಕರಿ. ಮುಂಭಾಗ ಉಳಿದಿತ್ತು. ನಾನೇ ಕೂತು ಹೆಡ್‌ಲೈಟ್ ಬಿಚ್ಚಿದೆ. ಹಿಂದೆ ಟಿಲ್ಟ್ ಸೆನ್ಸರ್ ಇರಬೇಕಾದ ಜಾಗ ಖಾಲಿ! ಅದರ ವೈರುಗಳನ್ನು ಕತ್ತರಿಸಿ, ನಡುವೆ ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್ ಬೆಸುಗೆ ಹಾಕಿದ್ದರು. ಅರ್ಥ ಗೊತ್ತಲ್ಲ? ಗಾಡಿ ನೆಲದಲ್ಲಿ ಬಿದ್ದು ಹೊರಳಾಡುತ್ತಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ನೆಟ್ಟಗೆ ನಿಂತಿದೆ. ಎಂದೆಂದಿಗೂ ನಿಂತಿದೆ!

ಬೆಸುಗೆಯ ಪಕ್ಕದಲ್ಲೇ ಒಂದು ಬಿಳಿ ಟೇಪ್ ಸುತ್ತಿತ್ತು. ಮೇಲೆ ಬಾಲ್‌ಪೆನ್ನಿನಲ್ಲಿ ತಮಿಳು ಅಕ್ಷರ.

ಜೊತೆಗಿದ್ದ ಪೇದೆ ಬಗ್ಗಿ ನೋಡಿದ. "ನಾವೂ ನೋಡಿದ್ವಿ ಸಾರ್. ಓದಿದ್ರೆ ಅರ್ಥವೇ ಇಲ್ಲ. ಯಾವನೋ ಕಿರುಕ, ತಲೆಕೆಟ್ಟೋನು."

ನನಗೆ ಅರ್ಥವಾಯಿತು. ಅಲ್ಲಿ ಬರೆದದ್ದು ಕನ್ನಡ. 'ಬೀಳೋದು.'

ಇಡೀ ಕೊಯಮತ್ತೂರಿನಲ್ಲಿ ವೈರಿನ ಮೇಲೆ ಹಾಗೆ ಬರೆಯುವವರು ಒಬ್ಬರೇ. ಬಿಚ್ಚಿದ ಪ್ರತಿ ವೈರಿಗೂ ಚಿಕ್ಕಪ್ಪ ಬಿಳಿ ಟೇಪ್ ಸುತ್ತಿ ಹೆಸರು ಬರೆಯುತ್ತಾರೆ. ಕೆಲಸಕ್ಕಿರುವವರು ಗುಟ್ಟು ಕಲಿತು ಬೇರೆ ಅಂಗಡಿ ಇಡಬಾರದು ಎಂದು ಮನೆಮಾತಿನಲ್ಲಿ ಬರೆಯುತ್ತಾರೆ. ಪಂಪ್ ವೈರಿಗೆ 'ಕುಡಿಯೋದು'. ಇಂಜೆಕ್ಟರ್‌ಗೆ 'ಉಗುಳೋದು'. ಟಿಲ್ಟ್ ಸೆನ್ಸರ್‌ಗೆ 'ಬೀಳೋದು'. ಅದನ್ನು ಓದಲು ನನ್ನೊಬ್ಬನಿಗೆ ಕಲಿಸಿದ್ದರು. ಹಾಗೆ ಕಲಿಸಿದ್ದಕ್ಕೆ ನಾನು ಎಷ್ಟು ಹೆಮ್ಮೆಪಟ್ಟಿದ್ದೆ ಗೊತ್ತೇ?

ಆದರೂ ನಂಬಲಿಲ್ಲ. ನಂಬಲು ಮನಸ್ಸಿರಲಿಲ್ಲ. ಚಿಕ್ಕಪ್ಪನ ಹತ್ತಿರ ಏನಾದರೂ ಒಂದು ಉತ್ತರ ಇರಲಿ ಎಂದು ಶನಿವಾರ ಬೆಳಿಗ್ಗೆ ಅವರ ಮನೆಗೇ ಹೋದೆ.

ಮನೆಯ ಮುಂದೆಯೇ ವರ್ಕ್‌ಶಾಪ್. ಚಿಕ್ಕಮ್ಮ ರುಕ್ಮಿಣಮ್ಮ ಬಾಗಿಲಲ್ಲೇ ಹಿಡಿದುಕೊಂಡರು. ನಮ್ಮ ಮನೆಯಲ್ಲಿ ಮುದ್ದಿಗೆ 'ಕಣ್ಣು' ಎಂದು ಕರೆಯುತ್ತಾರೆ.

"ಎಷ್ಟು ಇಳಿದು ಹೋಗಿದೀಯಾ ಕಣ್ಣು! ಊಟ ಮಾಡ್ದೆ ಹೋದ್ರೆ ನೋಡು."

ಚಿಕ್ಕಪ್ಪನಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಏರಿಸಿದರು. ಇಳಿಸಿದರು.

"ನಂದಲ್ಲ ಪಾ. ನನ್ನ ಹತ್ರ ಇದ್ದೋನು ಯಾವನೋ ನೋಡಿ ಬರ್ದಿರ್ಬೇಕು."

"ನೀವು ಹೇಳಿಕೆ ಕೊಡೋವಾಗ ಇದು ಕಣ್ಣಿಗೆ ಬೀಳ್ಲಿಲ್ವಾ?"

"ವಯಸ್ಸಾಯ್ತು ಅಲ್ವಾ ಪಾ. ಮುಂದೆ ಬಿಚ್ಚಲಿಲ್ಲ. ಈಗ ಏನ್ ಮಾಡ್ಬೇಕೂಂತಿದೀಯಾ?"

"ಲೋಗನಾಥನ್ ಈ ಗಾಡೀನ ವೆಳ್ಳಕೋಯಿಲ್‌ನಲ್ಲಿ ಗೋಪಿನಾಥ್ ಅನ್ನೋನ ಯಾರ್ಡಿಂದ ಕೊಂಡಿದ್ದು. ಹಳೇ ಎಫ್.ಐ. ಗಾಡಿಗಳನ್ನೇ ಮಾರ್ತಾನಂತೆ. ಅಲ್ಲಿಗೆ ಹೋಗಿ ನೋಡ್ತೀನಿ."

ಕನ್ನಡಕ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದರು.

"ಅಷ್ಟು ದೂರ ಈ ಗಾಡೀಲಾ? ನಿಂದೂ ಹಳೇ ಎಫ್.ಐ. ತಾನೇ! ಸಾವಿ ಕೊಡು. ನೀನು ಊಟ ಮಾಡೋದ್ರೊಳಗೆ ಹೊಸ ಫಿಲ್ಟರ್ ಹಾಕಿಡ್ತೀನಿ."

ಕೀ ಕೊಟ್ಟೆ. ಒಳಗೆ ಕೂತು ಚಿಕ್ಕಮ್ಮ ಬಡಿಸಿದ ಹುಳಿ ಅನ್ನ ಉಂಡೆ. ಎರಡನೇ ಸಲ ಹಾಕಿಸಿಕೊಂಡೆ ಕೂಡ!

ವೆಳ್ಳಕೋಯಿಲ್ ತಲುಪುವವರೆಗೆ ಲಾರಿ, ಬಸ್ಸು, ಟ್ರಾಫಿಕ್ಕು. ಐವತ್ತು ದಾಟುವ ಸಂದರ್ಭವೇ ಬರಲಿಲ್ಲ. ಗಾಡಿ ಬೆಣ್ಣೆಯ ಹಾಗೆ ಓಡಿತು. ಚಿಕ್ಕಪ್ಪನ ಕೈಗುಣ ಎಂದುಕೊಂಡೆ.

ಗೋಪಿನಾಥ್‌ನ ಯಾರ್ಡು ಎಣ್ಣೆ ಮಿಲ್ಲಿನ ಹಿಂದೆ ಇತ್ತು. ತಗಡಿನ ಶೆಡ್ಡಿನಲ್ಲಿ ನಲವತ್ತು ಬೈಕು ಸಾಲಾಗಿ ನಿಂತಿದ್ದವು. ಊಟದ ಹೊತ್ತು, ಯಾರೂ ಕಾಣಲಿಲ್ಲ. ಒಂದರ ಹೆಡ್‌ಲೈಟ್ ಬಿಚ್ಚಿದೆ. ರೆಸಿಸ್ಟರ್! ಬಿಳಿ ಟೇಪ್! 'ಬೀಳೋದು.' ಇನ್ನೊಂದು ಬಿಚ್ಚಿದೆ. ಅದೇ. ಐದು ಬಿಚ್ಚಿದೆ, ಐದರಲ್ಲೂ ಅದೇ. ಎಲ್ಲದರ ಫೋಟೋ ತೆಗೆದು ಸೆಲ್ವಿಗೆ ವಾಟ್ಸಾಪ್ ಮಾಡಿದೆ. ಪುಣ್ಯಕ್ಕೆ ಮೊದಲು ಅದನ್ನು ಮಾಡಿದೆ.

"ಬನ್ನಿ ವಾದೀಶ ಸಾರ್!"

ಹಿಂದೆ ಗೋಪಿನಾಥ್ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪಂಚೆ, ಬಾಯ್ತುಂಬ ನಗು. ಅವನ ಹಿಂದೆ ನಾಲ್ಕು ಜನ. ಅವರು ನಗುತ್ತಿರಲಿಲ್ಲ.

"ನನ್ನ ಹೆಸರು ಹೇಗೆ ಗೊತ್ತು?"

"ಪುರಂದರ ಸಾರ್ ಫೋನ್ ಮಾಡಿದ್ರಲ್ಲ! ನೀವು ಬರ್ತೀರಿ, ಸ್ವಲ್ಪ ನೋಡ್ಕೋ ಅಂದ್ರು. ಆ ಫೋನ್ ಹೀಗೆ ಕೊಡಿ."

ಪೆಟ್ಟು ಬಿದ್ದದ್ದು ಅಲ್ಲೇ ಸಾರ್. ಆಮೇಲೆ ಬಿದ್ದ ರಾಡಿನ ಏಟು ಅದರ ಮುಂದೆ ಏನೂ ಅಲ್ಲ.

ಫೋನ್ ಕೊಡಲಿಲ್ಲ. ಪಕ್ಕದಲ್ಲಿದ್ದ ಬೈಕನ್ನು ಒದ್ದೆ. ಅದು ಅದರ ಪಕ್ಕದ್ದರ ಮೇಲೆ ಬಿತ್ತು, ಅದು ಇನ್ನೊಂದರ ಮೇಲೆ... ಇಡೀ ಸಾಲು ಗೋಪಿನಾಥ್‌ನ ಬಿಳಿ ಪಂಚೆಯ ಮೇಲೆ ಮಗುಚಿತು! ಅವನು ಕಿರುಚುತ್ತಿದ್ದಾಗ ನಾನು ನನ್ನ ಗಾಡಿಯ ಮೇಲಿದ್ದೆ. ಹೆಲ್ಮೆಟ್ ಏರಿಸುವಾಗಲೇ ಇಯರ್‌ಫೋನಿನಲ್ಲಿ ಸೆಲ್ವಿಯ ಕರೆ ಬಂತು.

ಜೀಪು ಹೊರಟಿತು.

ಈಗ ಅದು ಐವತ್ತು ಮೀಟರ್ ದೂರದಲ್ಲಿದೆ. ನಾನು ನಲವತ್ತರಲ್ಲಿದ್ದೇನೆ!

ಎಡಕ್ಕೆ ಮುಳ್ಳುಬೇಲಿಯಲ್ಲಿ ಒಂದು ಸಂದು ಕಂಡಿತು. ಹಸು ನುಗ್ಗುವಷ್ಟು ಅಗಲ. ಅಲ್ಲೊಬ್ಬಳು ಅಜ್ಜಿ ಮರದ ಪಡಿಬಾಗಿಲು ಎಳೆದು ದನಗಳನ್ನು ಒಳಗೆ ಬಿಡುತ್ತಿದ್ದಳು. ಹ್ಯಾಂಡಲ್ ತಿರುಗಿಸಿದೆ. ಕೊನೆಯ ಹಸುವಿನ ಬಾಲ ಸವರಿಕೊಂಡು ಒಳಗೆ ನುಗ್ಗಿದೆ.

"ಅಡ ಪಾವಿ! ನಿನ್ನ ಕಣ್ಣೇನು ಕುರುಡಾ?"

"ತಪ್ಪಾಯ್ತು ಅಜ್ಜಿ! ಹಿಂದೆ ಬರೋರು ದನ ಕದಿಯೋರು!"

ಅಷ್ಟು ಸಾಕಾಯಿತು. ಕಾಂಗೇಯಂ ಸೀಮೆಯಲ್ಲಿ ದನದ ವಿಷಯಕ್ಕೆ ಬಂದರೆ ಯಾರೂ ಸುಮ್ಮನಿರುವುದಿಲ್ಲ. ಅಜ್ಜಿ ಪಡಿ ಎಳೆದು, ಅಡ್ಡ ನಿಂತು, ಕೈಯಲ್ಲಿದ್ದ ಕೋಲು ಎತ್ತಿದಳು. ಜೀಪು ಕಿರ್ರೆಂದು ನಿಂತಿತು. ಬೇಲಿಯಾಚೆಯಿಂದ ರಾಡು ಹಾರಿ ಬಂತು. ನನ್ನ ಬಲ ಭುಜಕ್ಕೆ ಬಡಿಯಿತು. ಕಣ್ಣು ಕತ್ತಲಿಟ್ಟಿತು. ಆದರೂ ಗಾಡಿ ಬೀಳಿಸಲಿಲ್ಲ. ಹುಲ್ಲು, ಕಲ್ಲು, ಕಾಲುದಾರಿ... ನಲವತ್ತರಲ್ಲಿ ಹೋದೆ. ಒಂದು ಸಲವೂ ಎಂಜಿನ್ ನಿಲ್ಲಲಿಲ್ಲ. ಹದಿನಾರು ವರ್ಷದ ಹಳೇ ಎಫ್.ಐ.! ಅದು ಕೈಬಿಡಲಿಲ್ಲ.

ಅವಿನಾಶಿಯಲ್ಲಿ ಸೆಲ್ವಿ ಟ್ಯಾಂಕ್ ಬಿಚ್ಚಿದಳು. ಫಿಲ್ಟರ್ ತೆಗೆದು ಬಿಳಿ ಕಾಗದದ ಮೇಲಿಟ್ಟಳು. ಕಂದು ಬಣ್ಣದ ತುಕ್ಕಿನ ಕೆಸರು ಇಳಿಯಿತು.

"ಇದು ಹೊಸದಲ್ಲ ಅಣ್ಣಾ. ಯಾವುದೋ ಹಳೇ ಗಾಡೀಲಿ ಐದಾರು ವರ್ಷ ಕೊಳೆತದ್ದು. ಯಾರು ಹಾಕಿದ್ದು?"

ಅಲ್ಲೇ ಟೈರಿನ ಮೇಲೆ ಕೂತು ಅತ್ತೆ. ಹೌದು ಸಾರ್, ಅತ್ತೆ. ಭುಜದ ನೋವಿಗೆ ಎಂದು ಅವಳು ತಿಳಿದುಕೊಂಡಳು. ನಾನೂ ತಿದ್ದಲು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಅವಿನಾಶಿ ಸ್ಟೇಷನ್.

ಫೋಟೋಗಳನ್ನು ನೋಡಿದ ಬಾಲಸುಬ್ರಮಣಿಯನ್ ಭಾನುವಾರವೇ ವೆಳ್ಳಕೋಯಿಲ್‌ಗೆ ಜನ ಕಳಿಸಿದ್ದರು. ನಲವತ್ತು ಗಾಡಿಯೂ ಸಿಕ್ಕವು. ಗೋಪಿನಾಥ್ ಸಿಕ್ಕ, ಕಾಲಿಗೆ ಬ್ಯಾಂಡೇಜ್ ಸಮೇತ. ಆದರೆ ಬಾಯಿ ಬಿಡಲಿಲ್ಲ. "ವೈರಿನ ಕೆಲಸ ಯಾರದೋ ನನಗೆ ಗೊತ್ತಿಲ್ಲ. ಆ ಸೆಲ್ವಿಯೇ ಇರಬೇಕು" ಎಂದು ಸಾಧಿಸಿದ. ಚಿಕ್ಕಪ್ಪನ ಹೆಸರನ್ನು ನಾನಿನ್ನೂ ಯಾರಿಗೂ ಹೇಳಿರಲಿಲ್ಲ.

ಚಿಕ್ಕಪ್ಪ ಸಹಿ ಹಾಕಲು ಬಂದರು. ಒಗೆದ ಬಿಳಿ ಪಂಚೆ, ಹಣೆಯಲ್ಲಿ ಅಂಗಾರ, ಅಕ್ಷತೆ. ಜಗಲಿಯಲ್ಲಿ ನನ್ನನ್ನು ಕಂಡು ನಿಂತರು. ನನ್ನ ಭುಜದ ಕಟ್ಟನ್ನು ನೋಡಿದರು. ನೋಡಿ ಕಣ್ಣು ತಿರುಗಿಸಿದರು.

"ಯಾಕೆ ಚಿಕ್ಕಪ್ಪ?"

"ಆ ಮಾಡೆಲ್ ನಿಂತು ಎಷ್ಟೋ ವರ್ಷ ಆಯ್ತು ಪಾ. ಸೆನ್ಸರ್ ಕೆಟ್ರೆ ಗಾಡಿ ಸ್ಟಾರ್ಟೇ ಆಗಲ್ಲ. ಹೊಸ ಸೆನ್ಸರ್ ಎಲ್ಲೂ ಸಿಗಲ್ಲ. ಪಾವಂ, ಬಡಪಾಯಿಗಳು, ಬನಿಯನ್ ಕಂಪನಿಗೆ ಹೋಗೋರು... ಏನ್ ಮಾಡ್ಲಿ? ಗಾಡಿ ಓಡೋ ಹಾಗೆ ಮಾಡ್ಕೊಟ್ಟೆ. ಎಲ್ಲಾ ಓಡ್ತು ತಾನೇ?"

"ಒಬ್ಬ ಬೆಂದು ಸತ್ತ."

"ಅದು ಅವನ ವಿಧಿ."

"ನನ್ನ ಫಿಲ್ಟರೂ ವಿಧೀನಾ?"

"ಅಯ್ಯೋ... ನಿನ್ನ ಕೊಲ್ಲೋಕಲ್ವೋ! ನಿಲ್ಸೋಕೆ. ದಾರೀಲಿ ಗಾಡಿ ಮಕ್ಕರ್ ಮಾಡುತ್ತೆ, ಕೈಕೊಡುತ್ತೆ, ನೀನು ಬೇಜಾರಾಗಿ ವಾಪಸ್ ಬರ್ತೀಯಾಂತ..."

"ಗೋಪಿನಾಥ್‌ಗೆ ಫೋನ್ ಮಾಡಿದ್ದು?"

ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಂಡರು. ನನಗೆ ಸಿಟ್ಟು ಬಂದಿತ್ತು. ಅದರ ಕೆಳಗೆ, ಹನ್ನೊಂದು ವರ್ಷದ ಹುಡುಗನೊಬ್ಬ ಇನ್ನೂ ಅವರು ಏನಾದರೂ ಒಳ್ಳೆಯ ಮಾತು ಹೇಳಲಿ ಎಂದು ಕಾಯುತ್ತಿದ್ದ.

"ಆ ಹುಡುಗಿ ನಮಗೇನಾಗ್ಬೇಕು ಹೇಳು? ನಮ್ಮ ಕುಡುಂಬಾನಾ? ನಾಕು ದಿನ ಪೇಪರಲ್ಲಿ ಬರುತ್ತೆ, ಆಮೇಲೆ ಬೇಲ್ ಸಿಗುತ್ತೆ. ಆ ಟೇಪ್ ಓದೋರು ಈ ಊರಲ್ಲಿ ಇಬ್ರೇ ಕಣ್ಣು. ನಾನು, ನೀನು. ನೀನು ಸುಮ್ನಿದ್ರೆ ಸಾಕು."

ಒಳಗಿನಿಂದ ಕರೆ ಬಂತು.

ಟೇಬಲ್ ಮೇಲೆ ಸುಟ್ಟ ಗಾಡಿಯ ವೈರಿನ ತುಂಡು. ಅದಕ್ಕೆ ಸುತ್ತಿದ ಬಿಳಿ ಟೇಪು. ಗೋಡೆಯ ಬೆಂಚಿನ ತುದಿಯಲ್ಲಿ ಸೆಲ್ವಿ ಕೂತಿದ್ದಳು. ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಉಗುರಿನ ಗ್ರೀಸು ಇನ್ನೂ ಹೋಗಿರಲಿಲ್ಲ.

ಇನ್ಸ್‌ಪೆಕ್ಟರ್ ಟೇಪನ್ನು ಕಣ್ಣಿಗೆ ಹತ್ತಿರ ಹಿಡಿದರು. ತಮಿಳು ಲಿಪಿಯಲ್ಲಿ 'ಪ', 'ಬ' ಎರಡಕ್ಕೂ ಒಂದೇ ಅಕ್ಷರ.

"ಪೀಳೋದು... ಅಕ್ಷರ ನಮ್ಮದು. ಮಾತು ನಮ್ಮದಲ್ಲ. ಏನಿದು ವಾದೀಶ?"

"ಕನ್ನಡ ಸಾರ್. ಬೀಳುವಂಥದ್ದು ಅಂತ. ಟಿಲ್ಟ್ ಸೆನ್ಸರ್‌ಗೆ ಇಟ್ಟ ಹೆಸರು."

"ಬರೆದದ್ದು ಯಾರು?"

ಚಿಕ್ಕಪ್ಪ ಇನ್ಸ್‌ಪೆಕ್ಟರ್ ಕಡೆಗೇ ನೋಡುತ್ತಿದ್ದರು. ಮುಖದಲ್ಲಿ ಅದೇ ಮರ್ಯಾದಸ್ಥ ನಗು. ತಲೆ ತಿರುಗಿಸದೆ, ದನಿ ಏರಿಸದೆ, ಊಟ ಆಯಿತಾ ಎಂದು ಕೇಳುವ ಹಾಗೆ ನನಗೆ ಕನ್ನಡದಲ್ಲಿ ಹೇಳಿದರು.

"ನಾನೇ ಬರ್ದಿದ್ದೂಂತ ಹೇಳ್ಬೇಡ್ವೋ ಕಣ್ಣು. ನಿಮ್ಮಪ್ಪ ಹೋದ್ಮೇಲೆ ನಿನ್ನ ಸಾಕಿದ್ದು ನಾನು."

ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದರು. "ಏನಂತಾರೆ ಇವರು?"

ಪಕ್ಕದಲ್ಲಿ ಬರೆದುಕೊಳ್ಳುವ ಪೇದೆ ಪೆನ್ನು ಹಿಡಿದು ಕಾದಿದ್ದ. ಚಿಕ್ಕಪ್ಪ ಈಗ ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟರು.

ಅವರ ಮಾತನ್ನು ಹಾಗೇ ತಮಿಳಿನಲ್ಲಿ ಹೇಳಿದೆ. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ನನ್ನನ್ನು ಸಾಕಿದ್ದು ಅವರೇ ಅನ್ನುವುದನ್ನೂ ಬರೆಸಿದೆ... ಹೇಳಿಕೆಯಲ್ಲಿ ನಿಜವಾದದ್ದು ಯಾವುದೂ ಬಿಟ್ಟುಹೋಗಬಾರದಲ್ಲ!